ಮೈಸೂರು ಸೀಮೆಯ ಜಿಂಕೆ ಬೇಟೆ: ಕೋವಿ, ಮದ್ದು, ಗುಂಡು

ಮೈಸೂರು ಸುತ್ತಲಿನ ಕಾಡುಗಳಲ್ಲಿ ಜಿಂಕೆ, ಕಡವೆಗಳ ಬೇಟೆಗೆ ಬಳಸುತ್ತಿದ್ದ ಗುಂಡು ಯಾವುದೆಂಬುದನ್ನು ಪ್ರಾಣಿಯ ಗಾತ್ರವೊಂದೇ ತೀರ್ಮಾನಿಸಲಿಲ್ಲ. ಸರ್ಕಾರದ ಕಾನೂನು, ಚರ್ಮವನ್ನು ಕೆಡದಂತೆ ಉಳಿಸಿಕೊಳ್ಳುವ ಆಸೆ ಇವೂ ಅದರಲ್ಲಿ ಪಾಲು ಪಡೆದವು.

ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ತಯಾರಾದ ಕೋವಿಗಳು ಚಕಮಕಿ ಕಲ್ಲಿನ ಕಿಡಿಯಿಂದ ಸಿಡಿಯುತ್ತಿದ್ದವು. 19ನೇ ಶತಮಾನದಲ್ಲಿ ಆ ಜಾಗಕ್ಕೆ ಬಡಿದೊಡನೆ ಕಿಡಿ ಹಾರಿಸುವ ಕೇಪು ಬಂತು. ಆದರೂ ಊರಿನ ಬೇಟೆಗಾರರ ಕೈಯಲ್ಲಿ ಬಹುಕಾಲ ಉಳಿದದ್ದು ನಳಿಗೆಯ ಬಾಯಿಂದ ಮದ್ದು ತುಂಬುವ ನಾಡಕೋವಿಯೇ. ಮೊದಲು ಅಳತೆಯ ಕರಿಮದ್ದನ್ನು ನಳಿಗೆಗೆ ಸುರಿಯಬೇಕು; ಮೇಲೆ ಬಟ್ಟೆಯನ್ನೋ ನಾರನ್ನೋ ತುರುಕಿ ಗಜವೆಂಬ ಸಲಾಕೆಯಿಂದ ಜಡಿಯಬೇಕು; ಆಮೇಲೆ ಸೀಸದ ಗುಂಡು, ಅದು ಜಾರದಂತೆ ಇನ್ನೊಂದು ಬಿರಡೆ. ಕೇಪು ಕೂರಿಸುವುದು ಕೊನೆಗೆ. ಗುಂಡು ಮದ್ದಿಗೆ ತಾಗಿ ಕೂರದೆ ನಡುವೆ ಸಂದು ಉಳಿದರೆ ನಳಿಗೆಯೇ ಸೀಳುವ ಅಪಾಯವಿತ್ತು. ಗಜ ಎಷ್ಟು ಹೊರಗೆ ಉಳಿದಿದೆ ಎಂದು ನೋಡಿಯೇ ಅನುಭವಿಗಳು ಈಡು ಸರಿಯಾಗಿ ಕೂತಿದೆಯೇ ಎಂದು ಹೇಳುತ್ತಿದ್ದರು. ಹಕ್ಕಿಗೆ, ಮೊಲಕ್ಕೆ ಸಣ್ಣ ಸೀಸದ ಕಾಳುಗಳ ಚರೆ; ಕಡವೆಗೆ, ಹಂದಿಗೆ ಒಂಟಿಗುಂಡು. ಚರೆ ತಗುಲಿದ ಜಿಂಕೆ ತಕ್ಷಣ ಬೀಳದೆ ಓಡಿಹೋಗಿ, ಎಲ್ಲೋ ಪೊದೆಯಲ್ಲಿ ನರಳಿ ಸಾಯುವ ಸಂಭವ ಹೆಚ್ಚು. ಈ ಭೇದದ ಹಿಂದೆ ಇದ್ದ ವಿವೇಕ ಅದೇ.

ಹಿತ್ತಾಳೆ ತೋಟೆಗಳು ಬಂದಮೇಲೆ ತುಂಬುವ ಶ್ರಮ ತಪ್ಪಿತು, ಆರಿಸುವ ಕಷ್ಟ ಹೆಚ್ಚಿತು. 1870ರ ದಶಕದಲ್ಲಿ ಚಾಮರಾಜನಗರ ಸೀಮೆಯಲ್ಲಿ ಖೆಡ್ಡಾ, ಅಂದರೆ ಕಾಡಾನೆ ಹಿಡಿಯುವ ಕಾರ್ಯಾಚರಣೆ, ನಡೆಸಿದ ಜಿ.ಪಿ. ಸ್ಯಾಂಡರ್ಸನ್ ಆನೆಗೆ ದೊಡ್ಡ ಬೋರಿನ ಭಾರಿ ಕೋವಿಯೇ ಬೇಕೆಂದು ವಾದಿಸಿದ. ಜಿಂಕೆಗೆ ಅಂಥ ಗುಂಡು ಅನವಶ್ಯಕ. ಆ ಕಾಲದಲ್ಲಿ ಜಿಂಕೆ ಜಾತಿಗೆ ಒಗ್ಗಿದ್ದು ಎಕ್ಸ್‌ಪ್ರೆಸ್ ರೈಫಲ್: ಹಗುರ ಗುಂಡು, ಹೆಚ್ಚು ಮದ್ದು, ಅದರಿಂದ ನೇರವಾದ ಓಟ.

ಹೊಗೆಯಿಲ್ಲದ ಮದ್ದಿನೊಂದಿಗೆ ವೇಗ ಇನ್ನೂ ಏರಿತು. ಆದರೆ ಪೂರ್ತಿ ಲೋಹದ ಹೊದಿಕೆಯ ಸಣ್ಣ ಗುಂಡು ಪ್ರಾಣಿಯನ್ನು ತೂರಿಹೋಗುತ್ತಿತ್ತು. ಕಲ್ಕತ್ತಾ ಬಳಿಯ ಡಂಡಂ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ, ಮೂತಿಯಲ್ಲಿ ಸೀಸ ತೆರೆದಿಟ್ಟು ತಗುಲಿದೊಡನೆ ಅರಳುವ .303 ಗುಂಡನ್ನು ತಯಾರಿಸಿದರು. 1899ರ ಹೇಗ್ ಘೋಷಣೆ ಇಂಥ ಗುಂಡನ್ನು ಯುದ್ಧದಿಂದ ಹೊರಗಿಟ್ಟಿತು. ಬೇಟೆಯಲ್ಲಿ ಮಾತ್ರ ಅದೇ ತತ್ವ ನೆಲೆನಿಂತಿತು. ಪ್ರಾಣಿ ಬೇಗ ಸಾಯಬೇಕೆಂಬ ದೃಷ್ಟಿಯಿಂದ ಅದು ಸರಿಯಾದ ಆಯ್ಕೆಯೇ.

ಸೈನ್ಯದ ತೋಟೆಗಳು ಬಂಡಾಯಗಾರರ ಕೈ ಸೇರದಿರಲೆಂದು ಬ್ರಿಟಿಷ್ ಸರ್ಕಾರ 20ನೇ ಶತಮಾನದ ಆರಂಭದಲ್ಲಿ .450 ಬೋರನ್ನು ಭಾರತದಲ್ಲಿ ನಿಷೇಧಿಸಿತು. .303 ಕೂಡ ಸಾಮಾನ್ಯ ಪರವಾನಗಿದಾರರಿಗೆ ಎಟುಕದಾಯಿತು. ಆ ಜಾಗ ತುಂಬಿದ್ದು .315 ರೈಫಲ್. ಸ್ವಾತಂತ್ರ್ಯಾನಂತರವೂ ಇಶಾಪುರದ ಸರ್ಕಾರಿ ಕಾರ್ಖಾನೆ ಅದನ್ನು ತಯಾರಿಸಿತು. ಬೆಂಗಳೂರಿನ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ ನೆಚ್ಚಿಕೊಂಡಿದ್ದು .405 ವಿಂಚೆಸ್ಟರ್.

ಗುಂಡು ಮಾಡಿದ ಗಾಯ ಕೊನೆಗೆ ಮೈಸೂರು ನಗರದಲ್ಲೇ ಲೆಕ್ಕಕ್ಕೆ ಬರುತ್ತಿತ್ತು. ಯೂಜೀನ್ ವ್ಯಾನ್ ಇಂಗೆನ್ ಸ್ಥಾಪಿಸಿದ ಚರ್ಮಪ್ರಸಾಧನ ಸಂಸ್ಥೆಗೆ ಮಹಾರಾಜರಿಂದಲೂ ಬ್ರಿಟಿಷ್ ಅಧಿಕಾರಿಗಳಿಂದಲೂ ಬೇಟೆಯ ಚರ್ಮ, ಕೊಂಬುಗಳು ಬರುತ್ತಿದ್ದವು. ಅರಳುವ ಗುಂಡು ಒಳಹೊಕ್ಕ ಕಡೆ ಸಣ್ಣ ತೂತು, ಹೊರಬಿದ್ದ ಕಡೆ ಹರಿದ ಚರ್ಮ. ಅದನ್ನು ಒಳಗಿನಿಂದ ಹೊಲಿದು ಕೂದಲಿನಡಿ ಮರೆಮಾಡುವುದು ಈ ಕಸುಬಿನ ನಾಜೂಕು ಕೆಲಸ.

ಬೇಟೆಗೆ ಕಡಿವಾಣ ಹಾಕಿದ ಊರೂ ಇದೇ. ಮಹಾರಾಜರ ಆಡಳಿತ 1931ರಲ್ಲಿ ಬಂಡೀಪುರದಲ್ಲಿ ಅಭಯಾರಣ್ಯ ಮಾಡಿ, 1941ರಲ್ಲಿ ಅದನ್ನು ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ ವಿಸ್ತರಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂಲರೂಪದಲ್ಲಿ ಗುಂಡಿನ ಮಾತೂ ಇತ್ತು: ದೊಡ್ಡ ಪ್ರಾಣಿಗಳ ಬೇಟೆಗೆ ರೈಫಲ್ಲೇ ಬೇಕು, ವಿಶೇಷ ಅನುಮತಿ ಇದ್ದರೆ ಚರೆಯ ಬಂದೂಕಿನಲ್ಲಿ ಒಂಟಿಗುಂಡು. 1991ರ ತಿದ್ದುಪಡಿ ಬೇಟೆಯ ಪರವಾನಗಿಗಳನ್ನೇ ತೆಗೆದುಹಾಕಿದಾಗ ಆ ನಿಯಮವೂ ಕಾಯ್ದೆಯಿಂದ ಹೋಯಿತು. ನೆರೆಯ ಕೊಡಗಿನಲ್ಲಿ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಅದು ಕೋವಿ ಇಟ್ಟುಕೊಳ್ಳಲು ಮಾತ್ರ, ಜಿಂಕೆ ಹೊಡೆಯಲು ಅಲ್ಲ.