ಮುಂಬಾಗಿಲಿಗಷ್ಟೇ ಕಾವಲು

ತಂತ್ರಾಂಶದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಗೆದ್ದವರ ಕಥೆಯಾಗಿ ಓದುತ್ತೇವೆ. ಯಾರು ಏನನ್ನು ಕಂಡುಹಿಡಿದರು, ಯಾವುದು ಲೋಕವನ್ನೆಲ್ಲ ಹಬ್ಬಿತು ಎಂಬ ಲೆಕ್ಕವದು. ನನಗೆ ಹೆಚ್ಚು ಆಸಕ್ತಿ ಇರುವುದು ಊಹೆಗಳ ಚರಿತ್ರೆಯಲ್ಲಿ. ಪ್ರೋಗ್ರಾಮ್ ಬರೆಯುವವರು ‘ಇದು ಹೀಗೇ ಇರುತ್ತದೆ’ ಎಂದು ಒಂದನ್ನು ನಂಬಿ ಬರೆಯುತ್ತಾರೆ. ಬರೆದ ದಿನ ಆ ನಂಬಿಕೆ ಸರಿಯಾಗಿಯೇ ಇರುತ್ತದೆ. ಆಮೇಲೆ ಯಂತ್ರ ಬದಲಾಗುತ್ತದೆ, ಬಳಸುವವರು ಬದಲಾಗುತ್ತಾರೆ, ಊಹೆ ಮಾತ್ರ ಕೂತಲ್ಲೇ ಕೂತಿರುತ್ತದೆ. ಕ್ಯೂಮೇಲ್ ಎಂಬ ಮೇಲ್ ಸರ್ವರ್‌ನ ಕಥೆ ಅಂಥದ್ದು.

ನಾವು ಕಳಿಸುವ ಇಮೇಲ್ ನೇರವಾಗಿ ಓದುವವರ ಕೈ ಸೇರುವುದಿಲ್ಲ. ಅದನ್ನು ತೆಗೆದುಕೊಂಡು, ವಿಳಾಸ ನೋಡಿ, ಮುಂದಕ್ಕೆ ದಾಟಿಸುವ ಅಂಚೆ ಕಚೇರಿಯಂಥ ಪ್ರೋಗ್ರಾಮ್ ಬೇಕು. ಅದೇ ಮೇಲ್ ಸರ್ವರ್. ಅಪರಿಚಿತರು ಏನನ್ನು ಕಳಿಸಿದರೂ ಕೈನೀಡಿ ತೆಗೆದುಕೊಳ್ಳಬೇಕಾದ್ದು ಅದರ ಕೆಲಸ, ಅದರ ಕಷ್ಟವೂ ಅದೇ. 1980ರ ದಶಕದಿಂದ ಈ ಕೆಲಸದಲ್ಲಿ ಮುಂದಿದ್ದದ್ದು ಬರ್ಕ್ಲಿಯಲ್ಲಿ ಎರಿಕ್ ಆಲ್‌ಮನ್ ಬರೆದ ಸೆಂಡ್‌ಮೇಲ್. ಅದು ಒಂದೇ ದೊಡ್ಡ ಪ್ರೋಗ್ರಾಮ್, ಯಂತ್ರದ ಪೂರ್ಣಾಧಿಕಾರ ಹಿಡಿದು ಓಡುತ್ತಿತ್ತು. 1988ರ ನವೆಂಬರ್ 2ರಂದು ಅಂತರ್ಜಾಲವನ್ನು ತತ್ತರಿಸಿದ ಮಾರಿಸ್ ವರ್ಮ್ ಹರಡಲು ಬಳಸಿದ ದಾರಿಗಳಲ್ಲಿ ಸೆಂಡ್‌ಮೇಲ್ ಕೂಡ ಒಂದು. ಅದೇ ವರ್ಮ್ ಬಳಸಿದ ಇನ್ನೊಂದು ದಾರಿ, ಫಿಂಗರ್ ಎಂಬ ಬೇರೆ ಸೇವೆಯಲ್ಲಿದ್ದ ಮೆಮೊರಿ ದೋಷ.

ಈ ಮೆಮೊರಿ ದೋಷ ಎಂದರೇನು? ಒಂದು ಸೇರು ಹಿಡಿಯುವ ಪಾತ್ರೆಗೆ ಎರಡು ಸೇರು ಅಕ್ಕಿ ಸುರಿದರೆ ಅಕ್ಕಿ ನೆಲಕ್ಕೆ ಚೆಲ್ಲುತ್ತದೆ, ಕಣ್ಣಿಗೂ ಕಾಣುತ್ತದೆ. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮ್‌ನಲ್ಲಿ ಚೆಲ್ಲಿದ್ದು ಸದ್ದಿಲ್ಲದೆ ಪಕ್ಕದ ಪಾತ್ರೆಯೊಳಗೆ ಬೀಳುತ್ತದೆ. ಪಕ್ಕದಲ್ಲಿರುವುದು ‘ಮುಂದೇನು ಮಾಡಬೇಕು’ ಎಂಬ ಸೂಚನೆಯಾದರೆ, ಹೊರಗಿನಿಂದ ಸುರಿದವನೇ ಯಂತ್ರದ ಯಜಮಾನನಾಗುತ್ತಾನೆ.

ಇಂಥ ದೋಷಗಳಿಂದ ಬೇಸತ್ತವರಲ್ಲಿ ಡೇನಿಯಲ್ ಜೆ. ಬರ್ನ್‌ಸ್ಟೈನ್ ಒಬ್ಬರು. ಶಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ ಅವರು 1995ರ ಕೊನೆಗೆ ಕ್ಯೂಮೇಲ್ ಬರೆಯಲು ತೊಡಗಿದರು. 1997ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. ದೊಡ್ಡ ಪ್ರೋಗ್ರಾಮ್ ಒಂದರ ಬದಲು ಹಲವು ಚಿಕ್ಕ ಪ್ರೋಗ್ರಾಮ್‌ಗಳು. ಒಂದು ಬಾಗಿಲಲ್ಲಿ ನಿಂತು ಟಪಾಲು ತೆಗೆದುಕೊಳ್ಳುತ್ತದೆ, ಇನ್ನೊಂದು ಸರದಿಯಲ್ಲಿಡುತ್ತದೆ, ಮತ್ತೊಂದು ಒಳಗಿನ ಪೆಟ್ಟಿಗೆಗೆ ಹಾಕುತ್ತದೆ. ಒಂದನ್ನು ಇನ್ನೊಂದು ಕಣ್ಮುಚ್ಚಿ ನಂಬುವುದಿಲ್ಲ. ಅದೇ ವರ್ಷ ಬರ್ನ್‌ಸ್ಟೈನ್, ಇದರಲ್ಲಿ ಭದ್ರತಾ ದೋಷ ಹುಡುಕಿಕೊಟ್ಟವರಿಗೆ 500 ಡಾಲರ್ ಬಹುಮಾನ ಎಂದು ಸಾರಿದರು.

ಪಾತ್ರೆ ಚೆಲ್ಲುವ ಸಮಸ್ಯೆಗೂ ಅವರು ಉಪಾಯ ಮಾಡಿದ್ದರು. ಗೊತ್ತಾದ ಅಳತೆಯ ಪಾತ್ರೆಯನ್ನು ಬಿಟ್ಟು, ಬೇಕಾದಷ್ಟು ಬೆಳೆಯುವ ಪಾತ್ರೆ ಇಟ್ಟರು. ಹೊಸದಾಗಿ ಬಂದದ್ದಕ್ಕೆ ಜಾಗ ಸಾಲದಿದ್ದರೆ ಪ್ರೋಗ್ರಾಮ್ ಒಂದು ಲೆಕ್ಕ ಹಾಕುತ್ತದೆ: ಈಗ ಇರುವುದು, ಬರಲಿರುವುದು, ಕೈಮೀರದಿರಲೆಂದು ಇನ್ನಷ್ಟು. ಅಷ್ಟು ಮೆಮೊರಿ ಕೇಳಿ ಪಡೆದು ನಂತರ ತುಂಬುತ್ತದೆ.

ಊಹೆ ಇದ್ದದ್ದು ಈ ಕೂಡುವ ಲೆಕ್ಕದಲ್ಲಿ. ಆ ಸಂಖ್ಯೆಗೆ ಮೀಸಲಿಟ್ಟ ಜಾಗ 32 ಬಿಟ್. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 429 ಕೋಟಿ ಚಿಲ್ಲರೆ, ಅಂದರೆ ಸುಮಾರು 4 ಜಿಬಿ. ಹಳೆಯ ಸ್ಕೂಟರಿನ ಮೀಟರು 99999 ದಾಟಿದ ಮೇಲೆ ಮತ್ತೆ ಸೊನ್ನೆಗೆ ಬರುವಂತೆ, ಇಲ್ಲೂ ಅಷ್ಟನ್ನು ಮೀರಿದರೆ ಎಣಿಕೆ ಮೊದಲಿಗೆ ಮರಳುತ್ತದೆ. ಆಗ ಪ್ರೋಗ್ರಾಮ್ ಪುಟ್ಟ ಪಾತ್ರೆ ಕೇಳಿ ಪಡೆದು, ಅದಕ್ಕೆ ದೊಡ್ಡ ರಾಶಿಯನ್ನು ಸುರಿಯುತ್ತದೆ. ಆದರೆ 1990ರ ದಶಕದ ಸಾಮಾನ್ಯ ಯಂತ್ರದಲ್ಲಿ ಒಂದು ಪ್ರೋಗ್ರಾಮ್‌ಗೆ 4 ಜಿಬಿ ಮೆಮೊರಿ ಸಿಗುವ ಮಾತೇ ಇರಲಿಲ್ಲ. ಮೀಟರು ತಿರುಗಿ ಸೊನ್ನೆಗೆ ಬರುವಷ್ಟು ದೂರದ ರಸ್ತೆಯೇ ಇರಲಿಲ್ಲ ಎನ್ನಿ.

2003ರಲ್ಲಿ ಎಎಮ್‌ಡಿ ಕಂಪನಿಯ 64 ಬಿಟ್ ಚಿಪ್ ಬಂದು ರಸ್ತೆಯನ್ನು ಉದ್ದ ಮಾಡಿತು. 2005ರ ಮೇ ತಿಂಗಳಲ್ಲಿ ಬಲ್ಗೇರಿಯಾದ ಜಾರ್ಜಿ ಗುನಿನ್ಸ್ಕಿ, ಬೇಕಾದಷ್ಟು ಮೆಮೊರಿ ಇರುವ 64 ಬಿಟ್ ಯಂತ್ರದಲ್ಲಿ ಕ್ಯೂಮೇಲ್‌ನ ಈ ಲೆಕ್ಕ ತಪ್ಪುತ್ತದೆ ಎಂದು ತೋರಿಸಿದರು. ಬರ್ನ್‌ಸ್ಟೈನ್ ಒಪ್ಪಲಿಲ್ಲ. ಬಾಗಿಲಲ್ಲಿ ನಿಂತು ಟಪಾಲು ತೆಗೆದುಕೊಳ್ಳುವ ಪ್ರೋಗ್ರಾಮ್‌ಗೆ ಗಿಗಾಬೈಟುಗಟ್ಟಲೆ ಮೆಮೊರಿಯನ್ನು ಯಾರೂ ಕೊಡುವುದಿಲ್ಲ, ಹಾಗಾಗಿ ಇದು ದೋಷವೇ ಅಲ್ಲ ಎಂಬುದು ಅವರ ವಾದ. ಈ ಊಹೆಯನ್ನು ಅವರು ತಮ್ಮ ಪುಟದಲ್ಲಿ ಬಹಿರಂಗವಾಗಿಯೇ ಬರೆದಿಟ್ಟರು. ಬಹುಮಾನ ಕೊಡಲಿಲ್ಲ, ಕೋಡ್ ತಿದ್ದಲಿಲ್ಲ.

ಈ ವಾದವನ್ನು ಬರಿಯ ಹಟ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಾಗಿಲಿನ ಪ್ರೋಗ್ರಾಮ್‌ನ ಮಟ್ಟಿಗೆ ಅವರು ಹೇಳಿದ್ದು ನಿಜವೇ. ಡೆಬಿಯನ್ 10ರ ಕ್ಯೂಮೇಲ್‌ನಲ್ಲಿ ಅದಕ್ಕೆ ಸಿಗುತ್ತಿದ್ದ ಮೆಮೊರಿ ಸುಮಾರು 7 ಎಂಬಿ ಮಾತ್ರ.

ಹದಿನೈದು ವರ್ಷ ಕಳೆಯಿತು. 2020ರ ಮೇ ತಿಂಗಳಲ್ಲಿ ಕ್ವಾಲಿಸ್ ಸಂಸ್ಥೆಯ ಸಂಶೋಧಕರು ಕ್ಯೂಮೇಲನ್ನು ಮತ್ತೆ ಓದಿದರು. ಅವರು ಬಾಗಿಲನ್ನು ಬಿಟ್ಟು ಮನೆಯೊಳಗೆ ನೋಡಿದರು. ಬೆಳೆಯುವ ಪಾತ್ರೆಯ ಅದೇ ಕೋಡನ್ನು ಟಪಾಲು ಪೆಟ್ಟಿಗೆಗೆ ಹಾಕುವ ಒಳಗಿನ ಪ್ರೋಗ್ರಾಮ್ ಕೂಡ ಬಳಸುತ್ತಿತ್ತು. ಬಂದ ಟಪಾಲು ಸುತ್ತಿ ಸುತ್ತಿ ಇಲ್ಲಿಗೇ ಬರುತ್ತಿದೆಯೇ ಎಂದು ತಿಳಿಯಲು ಅದು ತಲೆಬರಹವನ್ನು ಸಾಲುಸಾಲಾಗಿ ಓದುತ್ತದೆ. ಹೊರಗಿನವರ ಪತ್ರ ಕೊನೆಗೆ ಅಲ್ಲಿಗೇ ತಲುಪುತ್ತದೆ. ಅವರು ಪರೀಕ್ಷಿಸಿದ ಎಲ್ಲ ಪ್ಯಾಕೇಜುಗಳಲ್ಲೂ ಬಾಗಿಲಿನ ಪ್ರೋಗ್ರಾಮ್‌ಗೆ ಮೆಮೊರಿಯ ಮಿತಿ ಇತ್ತು, ಒಳಗಿನದಕ್ಕೆ ಒಂದರಲ್ಲೂ ಇರಲಿಲ್ಲ. 4 ಜಿಬಿ ಡಿಸ್ಕ್ ಮತ್ತು 8 ಜಿಬಿ ಮೆಮೊರಿ ಇದ್ದರೆ ಸಾಕು, ದೂರದಿಂದಲೇ ಆ ಯಂತ್ರದಲ್ಲಿ ತಮಗೆ ಬೇಕಾದ ಆಜ್ಞೆ ನಡೆಸಬಹುದೆಂದು ಅವರು ಮಾಡಿ ತೋರಿಸಿದರು. 1997ರಲ್ಲಿ ಕನಸಿನಂತಿದ್ದ ಆ ಅಳತೆ ಈಗ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲೂ ಇರುತ್ತದೆ.

ಒಂದು ಸಮಾಧಾನವೂ ಇತ್ತು. ಯಂತ್ರದ ಪೂರ್ಣಾಧಿಕಾರವಿರುವ ರೂಟ್ ಖಾತೆ ಮಾತ್ರ ಕೈಗೆ ಸಿಗಲಿಲ್ಲ. ರೂಟ್ ಅಧಿಕಾರದಲ್ಲಿ ಟಪಾಲು ಹಂಚುವುದೇ ಬೇಡ ಎಂದು ಬರ್ನ್‌ಸ್ಟೈನ್ ಮೊದಲೇ ನಿರ್ಧರಿಸಿದ್ದರು. ಒಂದು ಊಹೆ ಕೈಕೊಟ್ಟಲ್ಲಿ, ಅದೇ ಲೇಖಕರ ಇನ್ನೊಂದು ಎಚ್ಚರ ಕಾಪಾಡಿತು.

ಕ್ವಾಲಿಸ್ ಸಂಪರ್ಕಿಸಿದಾಗ ಬರ್ನ್‌ಸ್ಟೈನ್ ಕೊಟ್ಟ ಉತ್ತರ ಚಿಕ್ಕದು: ಊಹೆಯನ್ನು ಎಷ್ಟೋ ವರ್ಷಗಳಿಂದ ಬರೆದಿಟ್ಟಿದ್ದೇನೆ, ನಾನು ಎಲ್ಲ ಕ್ಯೂಮೇಲ್ ಸೇವೆಗಳಿಗೂ ಸುಮಾರು 12 ಎಂಬಿ ಮಿತಿ ಹಾಕಿಯೇ ನಡೆಸುತ್ತೇನೆ, ಬೇರೆಯವರಿಗೂ ಅದನ್ನೇ ಸಲಹೆ ಮಾಡುತ್ತೇನೆ. ಮಾತು ಸುಳ್ಳಲ್ಲ. ಅವರ ಯಂತ್ರ ಕ್ಷೇಮವಾಗಿತ್ತು. ಆದರೆ ಪ್ರೋಗ್ರಾಮ್ ಅವರ ಯಂತ್ರದಲ್ಲಷ್ಟೇ ಉಳಿದಿರಲಿಲ್ಲ. ಅದನ್ನು ಪ್ಯಾಕೇಜು ಮಾಡಿದವರು ಬೇರೆ, ಹಾಕಿಕೊಂಡವರು ಬೇರೆ, ಅದರ ಮೂಲಕ ಪತ್ರ ಪಡೆಯುತ್ತಿದ್ದವರು ಇನ್ನೂ ಬೇರೆ. ಈ ಕೊನೆಯವರಿಗೆ ಇಂಥದೊಂದು ಷರತ್ತು ಇದೆಯೆಂಬ ಸುಳಿವೇ ಇರಲಿಲ್ಲ. ಅಪಾಯಕ್ಕೆ ಒಡ್ಡಿಕೊಂಡಿದ್ದದ್ದು ಮಾತ್ರ ಅವರ ಪತ್ರಗಳು.

2005ರ ಜಗಳ ಬಾಗಿಲಿನ ಬಗ್ಗೆ ನಡೆಯಿತು. ಬಾಗಿಲು ಭದ್ರವಾಗಿದೆ ಎಂಬ ಉತ್ತರವೂ ಸಿಕ್ಕಿತು. ಮನೆಗೆ ಇನ್ನೆಷ್ಟು ಕೋಣೆಗಳಿವೆ ಎಂಬ ಪ್ರಶ್ನೆ ಹದಿನೈದು ವರ್ಷ ಹಾಗೆಯೇ ಉಳಿಯಿತು. ವಾದದಲ್ಲಿ ಗೆದ್ದ ಉತ್ತರ ಮುಂದಿನ ಪ್ರಶ್ನೆಯನ್ನು ಮುಚ್ಚಿಬಿಡುವುದು ಕಂಪ್ಯೂಟರಿನ ಲೋಕದಲ್ಲಿ ಮಾತ್ರ ಆಗುವ ಸಂಗತಿಯಲ್ಲ, ಚರಿತ್ರೆ ಓದುವವರಿಗೆ ಇದು ಹೊಸದೂ ಅಲ್ಲ.

ಕ್ವಾಲಿಸ್ ತನ್ನ ವರದಿಯ ಜೊತೆಗೇ ತಿದ್ದುಪಡಿಯನ್ನೂ ಕೊಟ್ಟಿತು. ಮೆಮೊರಿ ಕೇಳುವ ಜಾಗದಲ್ಲೇ ‘ಇಷ್ಟಕ್ಕಿಂತ ಹೆಚ್ಚು ಕೇಳಿದರೆ ಕೊಡಬೇಡ’ ಎಂಬ ಮಿತಿಯೊಂದನ್ನು ಅದು ಸೇರಿಸುತ್ತದೆ. ಬರ್ನ್‌ಸ್ಟೈನ್ ಊಹೆ ಅದೇ, ಬದಲಾದದ್ದು ಅದು ಇರುವ ಜಾಗ. ಪುಟದಲ್ಲಿ ಓದುವವರಿಗಾಗಿ ಕಾಯುತ್ತಿದ್ದ ಷರತ್ತು ಈಗ ಕೋಡಿನೊಳಗೆ ಬಂದು ಕೂತಿತು. ಅದಕ್ಕೆ ಬೇಕಾದದ್ದು ಕೆಲವೇ ಸಾಲು.