ಬ್ಯಾರೇಜ್ ಕಟ್ಟಿದವರ ಮತ

ರಾಮಥಾಳದ ಹೊಲಗಳಲ್ಲಿ ಹನಿ ನೀರಾವರಿಯ ಕೊಳವೆ ಕಂಡಾಗಲೆಲ್ಲ ನನಗೆ 1991ರ ಬಾಗಲಕೋಟೆ ಲೋಕಸಭಾ ಚುನಾವಣೆ ನೆನಪಾಗುತ್ತದೆ. ಅಂದು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದವರು ಕಾಂಗ್ರೆಸ್ಸಿನ ಸಿದ್ದು ನ್ಯಾಮಗೌಡ. ಅದಕ್ಕೆ ಎರಡು ವರ್ಷ ಮೊದಲು ಅವರ ಮುಂದಾಳತ್ವದಲ್ಲಿ ಜಮಖಂಡಿ ಸೀಮೆಯ ರೈತರು, ಸರ್ಕಾರಕ್ಕೆ ಕಾಯದೆ, ತಮ್ಮದೇ ಹಣ ಮತ್ತು ಬೆವರಿನಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ್ದರು. ಸಿದ್ದು ಕೇಂದ್ರದಲ್ಲಿ ಮಂತ್ರಿಯೂ ಆದರು.

ಆದರೆ ಮತದಾರರು ಯಾವ ಪಕ್ಷಕ್ಕೂ ಕ್ಷೇತ್ರವನ್ನು ಬರೆದುಕೊಡಲಿಲ್ಲ. 1996ರಲ್ಲಿ ಜನತಾದಳದ ಎಚ್.ವೈ. ಮೇಟಿ ಗೆದ್ದರು. 1998ರಲ್ಲಿ ಹೆಗಡೆಯವರೇ ಕಟ್ಟಿದ ಲೋಕಶಕ್ತಿಯ ಅಜಯಕುಮಾರ ಸರನಾಯಕ ಗೆದ್ದರು. ನೀರು ತಂದವರನ್ನೂ ಲೆಕ್ಕ ಕೇಳುವುದು ಪ್ರಜಾಪ್ರಭುತ್ವದ ರೂಢಿ, ಕೃತಘ್ನತೆಯಲ್ಲ.

ರಾಮಥಾಳದ ಕೊಳವೆ ಹಾಕಿಸಿದ್ದು ಸರ್ಕಾರ. ಹಾಗಾಗಿ ಮತ ಕೇಳಲು ಯಾರೇ ಬರಲಿ, ನಾವು ಮೊದಲು ಕೇಳಬೇಕಾದದ್ದು ಒಂದೇ: ಕಟ್ಟಕಡೆಯ ಹೊಲಕ್ಕೆ ನೀರು ಮುಟ್ಟಿತೇ?