ಪರದೇಶವೆಂಬ ಕಥಾಭೂಮಿ: ಪ್ರಣಯ-ರಹಸ್ಯ ಕಾದಂಬರಿಯ ಚರಿತ್ರೆಯ ಕೆಲವು ನೆಲೆಗಳು

ಪ್ರೇಮ, ಗುಟ್ಟು, ಸೇಡು ಈ ಮೂರನ್ನೂ ಅಪರಿಚಿತ ನಾಡೊಂದರಲ್ಲಿ ಹೆಣೆಯುವ ಪ್ರಣಯ-ರಹಸ್ಯ ಕಾದಂಬರಿಯನ್ನು ಹೊತ್ತು ಕಳೆಯುವ ಓದೆಂದು ಬದಿಗಿಡುವುದು ವಾಡಿಕೆ. ಆದರೆ ಇಂಗ್ಲಿಷಿನಲ್ಲಿ ಈ ಪ್ರಕಾರಕ್ಕೆ ಎರಡೂವರೆ ಶತಮಾನಗಳ ಹಿನ್ನೆಲೆಯಿದೆ. ಅದರಲ್ಲಿ ಬರುವ ಪರದೇಶವು ಕಥೆಗೆ ತೊಡಿಸಿದ ಅಲಂಕಾರವೋ, ಕಥೆಯನ್ನು ನಡೆಸುವ ಶಕ್ತಿಯೋ ಎಂಬ ಒಂದೇ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ಎತ್ತಿಕೊಳ್ಳಲಾಗಿದೆ.

ಈ ಪರಂಪರೆಯ ಮೂಲವನ್ನು ಹೊರೇಸ್ ವಾಲ್‌ಪೋಲನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ (1764) ಕೃತಿಯಲ್ಲಿ ಗುರುತಿಸುವುದುಂಟು. ವಾಲ್‌ಪೋಲ್ ಮೊದಲ ಮುದ್ರಣದಲ್ಲಿ ತನ್ನ ಹೆಸರನ್ನು ಮರೆಸಿ, 1529ರಲ್ಲಿ ನೇಪಲ್ಸ್‌ನಲ್ಲಿ ಅಚ್ಚಾದ ಇಟಾಲಿಯನ್ ಕೃತಿಯೊಂದರ ಅನುವಾದವಿದೆಂದು ಹೇಳಿಕೊಂಡನು. 1765ರ ಎರಡನೆಯ ಮುದ್ರಣದಲ್ಲಿ ತಾನೇ ಕರ್ತೃವೆಂದು ಒಪ್ಪಿದನು. ಅಂದರೆ ಪ್ರಕಾರದ ಹುಟ್ಟಿನಲ್ಲಿಯೇ ಪರದೇಶವೂ ಗುಟ್ಟೂ ಜೊತೆಗೂಡಿವೆ. ಅಜ್ಜನು ಒಡೆಯನಿಗೆ ವಿಷವಿಕ್ಕಿ ಕಬಳಿಸಿದ ಸಂಸ್ಥಾನದ ಪಾಪವು ಮೊಮ್ಮಗನ ಮನೆತನವನ್ನು ಮುರಿಯುವುದು ಅಲ್ಲಿಯ ವಸ್ತು.

ಮಧ್ಯಕಾಲೀನ ಕನ್ನಡ ಸಾಹಿತ್ಯದ ಓದುಗರಿಗೆ ಇಲ್ಲಿ ಜನ್ನನ ‘ಯಶೋಧರ ಚರಿತೆ’ (1209) ನೆನಪಾಗುವುದು ಸಹಜ. ಅಲ್ಲಿಯೂ ಅರಮನೆಯ ರಾತ್ರಿಯ ಗುಟ್ಟಿದೆ, ರಾಣಿ ಇಕ್ಕಿದ ವಿಷವಿದೆ. ಆದರೆ ಜನ್ನನಲ್ಲಿ ಕರ್ಮದ ಫಲವು ಜನ್ಮದಿಂದ ಜನ್ಮಕ್ಕೆ ಹರಿದರೆ, ವಾಲ್‌ಪೋಲನಲ್ಲಿ ತಲೆಮಾರಿನಿಂದ ತಲೆಮಾರಿಗೆ, ಆಸ್ತಿಯ ಜೊತೆಯಲ್ಲಿ ಹರಿಯುತ್ತದೆ. ಒಂದರಿಂದ ಮತ್ತೊಂದು ಬಂದಿತೆಂಬುದು ಇಲ್ಲಿನ ವಾದವಲ್ಲ. ಹೋಲಿಕೆಯಿಂದ ಎರಡರ ಭೇದ ಸ್ಪಷ್ಟವಾಗುತ್ತದೆ ಎಂಬಷ್ಟೇ ಅಭಿಪ್ರಾಯ.

ಆಸ್ತಿಯ ಈ ಎಳೆಯನ್ನು ಹೆಣ್ಣಿನ ಬದುಕಿಗೆ ಬಿಗಿದವಳು ಆನ್ ರ‍್ಯಾಡ್‌ಕ್ಲಿಫ್. ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ (1794) ಬರೆದಾಗ ಆಕೆ ಇಟಲಿಯನ್ನು ಕಂಡಿರಲಿಲ್ಲ. ಪ್ರವಾಸ ಕಥನಗಳೂ ಚಿತ್ರಪಟಗಳೂ ಆಕೆಗೆ ಆಧಾರ. ಆದರೆ 1584ರ ಇಟಲಿಯ ಕೋಟೆಯಲ್ಲಿ ಮೊಂಟೋನಿ ಹೆಂಡತಿಯನ್ನು ಸೆರೆಯಲ್ಲಿಟ್ಟು ಅವಳ ಜಮೀನನ್ನು ಬರೆಸಿಕೊಳ್ಳಲು ಹವಣಿಸುವ ಪ್ರಸಂಗವು ಇಂಗ್ಲೆಂಡಿನ ಓದುಗಿಯರಿಗೆ ದೂರದ್ದಾಗಿರಲಿಲ್ಲ. ವಿವಾಹಿತೆಯ ಸ್ವತ್ತಿನ ಮೇಲೆ ಗಂಡನಿಗೆ ಅಲ್ಲಿಯ ಕಾನೂನು ಕೊಟ್ಟಿದ್ದ ಅಧಿಕಾರವು 1870 ಮತ್ತು 1882ರ ಶಾಸನಗಳಿಂದಷ್ಟೇ ಸಡಿಲಗೊಂಡಿತು. ಸ್ವದೇಶದ ಅನ್ಯಾಯವನ್ನು ಪರದೇಶದ ವೇಷದಲ್ಲಿ ತೋರಿಸುವುದು ಆಗ ಸಾಧ್ಯವಾಗಿತ್ತು.

ಈ ವೇಷಕ್ಕೆ ಮತ್ತೊಂದು ಮುಖವೂ ಇದೆ. ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ (1847) ಕಾದಂಬರಿಯಲ್ಲಿ ಮನೆ ಇಂಗ್ಲೆಂಡಿನದು. ಮಾಳಿಗೆಯಲ್ಲಿ ಬಚ್ಚಿಟ್ಟ ಗುಟ್ಟು ಮಾತ್ರ ಜಮೈಕಾದ್ದು. ಮೂವತ್ತು ಸಾವಿರ ಪೌಂಡುಗಳೊಡನೆ ಬಂದ ಆ ಮೊದಲ ಹೆಂಡತಿಗೆ ಕಥೆಯಲ್ಲಿ ತನ್ನ ಮಾತೇ ಇಲ್ಲ. ಡೊಮಿನಿಕಾ ದ್ವೀಪದಲ್ಲಿ ಹುಟ್ಟಿದ ಜೀನ್ ರೀಸ್ ‘ವೈಡ್ ಸಾರ್ಗಾಸೊ ಸೀ’ (1966) ಬರೆದು ಅವಳಿಗೆ ಮಾತು ಕೊಟ್ಟಳು. ಆಗ ಇಂಗ್ಲೆಂಡೇ ಪರದೇಶವಾಯಿತು. ಪರದೇಶವೆಂಬುದು ನಕ್ಷೆಯ ಮೇಲಿನ ಸ್ಥಳವಲ್ಲ, ಹೇಳುವವರು ನಿಂತ ನೆಲೆಯನ್ನು ಅವಲಂಬಿಸಿದ್ದು ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಡ್ಯಾಫ್ನಿ ದು ಮೋರಿಯೆ ‘ರೆಬೆಕಾ’ (1938) ಕಾದಂಬರಿಯನ್ನು ಬರೆಯತೊಡಗಿದ್ದು ಗಂಡನ ಸೈನ್ಯದ ಕೆಲಸದ ನಿಮಿತ್ತ ಈಜಿಪ್ಟಿನ ಅಲೆಗ್ಸಾಂಡ್ರಿಯಾದಲ್ಲಿದ್ದಾಗ. ಕಥೆಯ ಪ್ರೇಮ ಮಾಂಟಿ ಕಾರ್ಲೊದಲ್ಲಿ ಮೊಳೆಯುತ್ತದೆ. ಕೊಲೆಯ ಗುಟ್ಟು ಇಂಗ್ಲೆಂಡಿನ ಮನೆಯಲ್ಲಿದೆ. ಹೆಸರೇ ಇಲ್ಲದ ನಿರೂಪಕಿ ಎಲ್ಲವನ್ನೂ ಕಳೆದುಕೊಂಡು ಪರದೇಶದ ಹೋಟೆಲಿನಲ್ಲಿ ಕುಳಿತು ಅದನ್ನು ಹೇಳುತ್ತಾಳೆ. ಇಲ್ಲಿ ಪರದೇಶವು ಭಯದ ತಾಣವಲ್ಲ, ಭಯದಿಂದ ತಪ್ಪಿಸಿಕೊಂಡವರ ಬೇಸರದ ಆಶ್ರಯ.

ಮೇರಿ ಸ್ಟೂವರ್ಟಳ ‘ನೈನ್ ಕೋಚಸ್ ವೇಟಿಂಗ್’ (1958) ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ಫ್ರಾನ್ಸಿನ ಶ್ರೀಮಂತ ಮನೆತನದಲ್ಲಿ ಬಾಲಕನೊಬ್ಬನಿಗೆ ಶಿಕ್ಷಕಿಯಾಗಿ ಹೋಗುವ ಯುವತಿ, ಕೆಲಸ ಕೈತಪ್ಪೀತೆಂಬ ಅಂಜಿಕೆಯಿಂದ ತನಗೆ ಫ್ರೆಂಚ್ ಬರುತ್ತದೆಂಬುದನ್ನು ಮರೆಮಾಚುತ್ತಾಳೆ. ಬಾಲಕನ ಆಸ್ತಿಯ ಮೇಲೆ ಹಿರಿಯರ ಕಣ್ಣಿದೆ. ಕೋಟೆಯ ಕದಗಳಿಗಿಂತ ಮೊದಲು ಇಲ್ಲಿ ಭಾಷೆಯೇ ಗುಟ್ಟಿನ ಕದವಾಗಿದೆ. ಮಾತೃಭಾಷೆಯನ್ನು ಮನೆಯೊಳಗಿರಿಸಿ ಹೊರಗೆ ಬೇರೊಂದು ನುಡಿಯಲ್ಲಿ ಬದುಕುವ ಹೊರನಾಡ ಕನ್ನಡಿಗರಿಗೆ ಈ ಸನ್ನಿವೇಶದ ಸೂಕ್ಷ್ಮವನ್ನು ವಿವರಿಸಬೇಕಾಗಿಲ್ಲ.

ಒಟ್ಟಿನಲ್ಲಿ ಈ ಪ್ರಕಾರದ ಪರದೇಶವು ಕೇವಲ ಅಲಂಕಾರವಲ್ಲ. ಬಂಧುಬಳಗ, ನುಡಿ, ಕಾನೂನು ಇವುಗಳ ಆಸರೆಯನ್ನು ಕಳಚಿದಾಗ ಹೆಣ್ಣಿಗೆ ಉಳಿಯುವುದೇನು ಎಂಬುದನ್ನು ಪರೀಕ್ಷಿಸುವ ಒರೆಗಲ್ಲು ಅದು. ಆದರೆ ಆ ಒರೆಗಲ್ಲಿಗೆ ಪರರ ನಾಡನ್ನು ಬಳಸಿಕೊಳ್ಳುವಾಗ ಆ ನಾಡಿನವರ ಮಾತು ಅಡಗಿಹೋಗುವ ಅಪಾಯವೂ ಇದೆ. ಕನ್ನಡದ ಜನಪ್ರಿಯ ಕಾದಂಬರಿಗಳನ್ನು ಕುರಿತು ಸಂಶೋಧನೆ ಕೈಗೊಳ್ಳುವವರು ಯಾರ ನಾಡು ಯಾರಿಗೆ ಪರದೇಶವೆಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳುವುದು ಉಚಿತ.